ಅಡಿಪಾಯವಿಲ್ಲದ ಅರಮನೆ

ಮಾನ್ಯ ಕಟ್ಟಡ ಪರವಾನಗಿ ಅಧಿಕಾರಿಗಳೇ,

ಮೈಸೂರಿನಲ್ಲಿ ಹೊಸದಾಗಿ ಒಂದು ಅರಮನೆ ಎದ್ದಿದೆಯೆಂದೂ ಅದಕ್ಕೆ ನಕ್ಷೆ ಮಂಜೂರಾಗಿಲ್ಲವೆಂದೂ ಪತ್ತೆ ಹಚ್ಚಿ ತಾವು ಬೀಗ ಜಡಿಸಿದ್ದೀರಿ. ತಮ್ಮ ಜಾಗರೂಕತೆಗೆ ಕೈ ಮುಗಿಯುತ್ತೇನೆ. ಆದರೆ ಸ್ವಾಮಿ, ಆ ಅರಮನೆ ಗಾಳಿಯದು. ಮೋಟಾರು ಹಾಕಿದರೆ ಏಳುತ್ತದೆ, ಆರಿಸಿದರೆ ಮಲಗುತ್ತದೆ. ಬರುವ ಭಾನುವಾರ ಅದರೊಳಗೆ ನನ್ನ ಮೊಮ್ಮಗಳು ಲಾಸ್ಯಳಿಗೆ ಆರು ವರ್ಷ ತುಂಬಬೇಕಾಗಿದೆ. ಒಂದನೇ ಕ್ಲಾಸಿನ ಇಪ್ಪತ್ತೆರಡು ಮಕ್ಕಳಿಗೆ ಅವಳು ಆಗಲೇ ಕಾರ್ಡು ಹಂಚಿಬಿಟ್ಟಿದ್ದಾಳೆ.

ತಪ್ಪು ಎಲ್ಲಿಂದ ಶುರುವಾಯಿತೆಂದು ಹೇಳುತ್ತೇನೆ. ಮೇಟಗಳ್ಳಿಯ ಹಳೇ ಗೋಡೌನಿನೊಳಗೆ ಜಾನ್ಸಿ ಎಂಬ ಹೆಣ್ಣುಮಗಳು ಚಿಕ್ಕ ಮಕ್ಕಳು ಕುಣಿದಾಡಲೆಂದು ಗಾಳಿ ತುಂಬುವ ರೆಕ್ಸಿನ್ ಅರಮನೆ ಇಟ್ಟಿದ್ದಾಳೆ. ಲೈಸೆನ್ಸಿನ ಅರ್ಜಿ ತುಂಬಿದವರು ಅವಳ ತಂದೆ ಆಂತೋಣಿ. ಮೂವತ್ತು ವರ್ಷ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದವರು. ಕಂಡದ್ದನ್ನು ಕಂಡ ಹಾಗೇ ಬರೆಯುವ ಕೆಟ್ಟ ಅಭ್ಯಾಸ ಅಂಟಿಬಿಟ್ಟಿದೆ. 'ಸ್ಥಳದಲ್ಲಿ ಏನಿದೆ' ಎಂಬ ಕಾಲಮ್ಮಿನಲ್ಲಿ 'ಅರಮನೆ, ಒಂದು. ಗೋಪುರ, ನಾಲ್ಕು. ಎತ್ತರ, ಹದಿನಾಲ್ಕು ಅಡಿ' ಎಂದು ಮುದ್ದಾಗಿ ಬರೆದರು. ಅಷ್ಟು ಸಾಕಾಯಿತು. ಲೈಸೆನ್ಸ್ ಶಾಖೆಗೆ ಹೋಗಬೇಕಿದ್ದ ಅರ್ಜಿ ತಮ್ಮ ಮೇಜಿಗೆ ಬಂತು. ತಾವು ಮೊದಲ ನೋಟಿಸಿನಲ್ಲಿ ಅಡಿಪಾಯದ ಆಳ ಕೇಳಿದಿರಿ. ಮಳೆ ನೀರು ಕೊಯ್ಲಿನ ವ್ಯವಸ್ಥೆ ಕೇಳಿದಿರಿ. ರಾಜವಂಶದ ವಿವರ ಕೇಳಲಿಲ್ಲ, ಅದು ತಮ್ಮ ಔದಾರ್ಯ. ಆಂತೋಣಿಯವರು ಓಡಿ ಬಂದು ಆ ಪದ ತಿದ್ದಿಕೊಡುತ್ತೇನೆಂದರೆ, ತಿದ್ದುಪಡಿಗೆ ಅರಮನೆಯ ಮೂಲ ನಕ್ಷೆ ಬೇಕೆಂದಿತು ತಮ್ಮ ಕಚೇರಿ.

ತಮ್ಮ ಇನ್ಸ್‌ಪೆಕ್ಟರ್ ಸಾಹೇಬರು ಟೇಪು ಹಿಡಿದು ಬಂದ ದಿನ ಲಾಸ್ಯಳೊಂದಿಗೆ ನಾನೂ ಅಲ್ಲಿದ್ದೆ. ಬೂಟು ಬಿಚ್ಚಿ ಒಳಗೆ ಹೋಗಬೇಕೆಂದು ಜಾನ್ಸಿ ವಿನಂತಿಸಿದಳು.

"ಇದೇನು ದೇವಸ್ಥಾನವೇನಮ್ಮ?"

"ಅಲ್ಲ ಸಾರ್. ತೂತಾಗುತ್ತೆ."

ಕಟ್ಟಡಕ್ಕೆ ಬೂಟಿನಿಂದ ತೂತಾಗುತ್ತದೆಂದು ಕೇಳಿಯೂ ಅವರಿಗೆ ಅನುಮಾನ ಬರಲಿಲ್ಲವಲ್ಲ, ಇದಲ್ಲವೇ ಕರ್ತವ್ಯನಿಷ್ಠೆ? ಗೋಡೆ ಹಿಡಿಯಲು ಹೋದರು, ಗೋಡೆ ಹಿಂದೆ ಸರಿಯಿತು. ನೆಲಕ್ಕೆ ಕಾಲಿಟ್ಟರು, ನೆಲ ಅವರನ್ನು ವಾಪಸು ಕಳಿಸಿತು. ಟೇಪಿನ ಇನ್ನೊಂದು ತುದಿಯನ್ನು ಲಾಸ್ಯಳ ಕೈಗೆ ಕೊಟ್ಟು ಅಳೆದರೆ ಒಮ್ಮೆ ಒಂಬತ್ತು ಅಡಿ, ಒಮ್ಮೆ ಹನ್ನೊಂದು.

"ಒಂದ್ನಿಮಿಷ ಸುಮ್ನೆ ನಿಂತ್ಕೊ ಕಣಮ್ಮ."

"ನಾನು ನಿಂತೇ ಇದೀನಿ. ಕುಣೀತಿರೋದು ನೀವು ಅಂಕಲ್."

ನಿಜವಾಗಿತ್ತು. ಸಾಹೇಬರು ಇನ್ನೂ ಮೂರು ಸಲ ಮೇಲೆ ಹೋಗಿ ಬಂದರು. ಕೊನೆಯ ಸಲದ್ದು ಅಳತೆಗಾಗಿ ಅಲ್ಲವೆಂದು ನಾನು ಪ್ರಮಾಣ ಮಾಡಬಲ್ಲೆ. ಅವರು ನಕ್ಕಿದ್ದು ಮಾತ್ರ ಮಹಜರಿನಲ್ಲಿ ದಾಖಲಾಗಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ನಾಲ್ಕು ಗೋಪುರಗಳೂ ಒಂದೊಂದಾಗಿ ತಲೆ ಬಾಗಿ ಸರ್ಕಾರದ ಪ್ರತಿನಿಧಿಗೆ ನಮಸ್ಕರಿಸಿದವು. ಲಾಸ್ಯ ಅಭ್ಯಾಸಬಲದಿಂದ ಜಾರಿ ಹೊರಬಂದಳು. ಸಾಹೇಬರನ್ನು ಮಾತ್ರ ಆಂತೋಣಿಯವರೂ ನಾನೂ ಕಾಲು ಹಿಡಿದು ಎಳೆಯಬೇಕಾಯಿತು. ಇಪ್ಪತ್ತು ನಿಮಿಷಕ್ಕೆ ಕರೆಂಟು ಬಂದು ಅರಮನೆ ತಾನಾಗಿ ಎದ್ದು ನಿಂತಾಗ ಅವರು ಬೂಟು ಹಾಕಿಕೊಂಡು ಹೋಗಿಯಾಗಿತ್ತು. ಮಾರನೆಯ ದಿನ ತಮ್ಮ ಎರಡನೇ ನೋಟಿಸು: 'ಪರಿಶೀಲನೆಯ ವೇಳೆ ನಕ್ಷೆ ಮಂಜೂರಾಗದ ಸದರಿ ಕಟ್ಟಡವು ಪೂರ್ಣವಾಗಿ ಕುಸಿದಿದ್ದು, ಶಿಥಿಲಗೊಂಡಿರುವುದರಿಂದ ಬೀಗಮುದ್ರೆ ಹಾಕಲಾಗಿದೆ.'

ಮಕ್ಕಳು ಒಳಗಿರುವಾಗ ಕರೆಂಟು ಹೋದರೆ ಏನು ಗತಿ ಎಂದು ತಾವು ಕೇಳಿದ್ದರೆ ನಾನೇ ಚಪ್ಪಾಳೆ ತಟ್ಟುತ್ತಿದ್ದೆ. ತಾವು ಕೇಳಬೇಕಿದ್ದ ಆ ಒಂದು ಪ್ರಶ್ನೆಯನ್ನು ಕರೆಂಟೇ ಕೇಳಿತು. ಜಾನ್ಸಿ ಆ ಸಂಜೆಯೇ ಜನರೇಟರ್ ತರಿಸಿದಳು. ಈಗ ಅದೂ ಬೀಗದ ಒಳಗಿದೆ.

ಆದ್ದರಿಂದ ಅರ್ಜಿಯಲ್ಲಿನ 'ಅರಮನೆ' ಹೊಡೆದುಹಾಕಿ 'ಆಟದ ಸಾಮಾನು' ಎಂದು ಬರೆದು, ಜನರೇಟರ್ ಪರೀಕ್ಷಿಸಿ, ಶನಿವಾರ ಸಂಜೆಯೊಳಗೆ ಬೀಗ ತೆಗೆಸಬೇಕು. ಪೆನ್ನು ನನ್ನದೇ ಕೊಡುತ್ತೇನೆ. ಲಾಸ್ಯಳಿಗೆ ಈ ನೋಟಿಸುಗಳ ಮೇಲೆ ಸಿಟ್ಟಿಲ್ಲ. ನಿನ್ನೆ ಇಪ್ಪತ್ತಮೂರನೆಯ ಕಾರ್ಡು ಬರೆದು ನನ್ನ ಕೈಗಿಟ್ಟಳು: "ಆ ಟೇಪ್ ಅಂಕಲ್‌ಗೆ ಕೊಡು ತಾತ. ಪಾಪ, ಅವರ ಆಟ ಅರ್ಧಕ್ಕೇ ನಿಂತೋಯ್ತು."

ಇಂತಿ, ಗಾಳಿಗೆ ಬೀಗ ಹಾಕುವ ವಿದ್ಯೆ ತಿಳಿಯದ,
ಸಿದ್ದಲಿಂಗಸ್ವಾಮಿ
ಸರಸ್ವತಿಪುರಂ, ಆಗಸ್ಟ್ ೨೦೦೬

ಲಗತ್ತು: ಹುಟ್ಟುಹಬ್ಬದ ಕಾರ್ಡು, ಒಂದು. ಬೂಟು ಹೊರಗೆ ಬಿಡತಕ್ಕದ್ದು.