ಮಾತ್ತನ್ ಕಟ್ಟಿಸಿದ ಕಲ್ಲುಗೋರಿ

ಕುಟ್ಟನಾಡು
ಆಗಸ್ಟ್ ೯, ೧೯೮೧

ಪ್ರೀತಿಯ ತಂಗಿ ಅನ್ನಕ್ಕುಟ್ಟಿಗೆ,

ಕರ್ತನ ಸಮಾಧಾನ ನಿನ್ನ ಮನೆಯ ಮೇಲಿರಲಿ. ಪೋತ್ತನ್ ಅವರ ಉಬ್ಬಸ ಈ ಮಳೆಗೆ ಹೇಗಿದೆ? ಬಾಣಂತಿ ಏಲಿಕ್ಕುಟ್ಟಿ ಹೊಟ್ಟೆತುಂಬ ಉಣ್ಣುತ್ತಾಳೆಯೇ? ಚಾಂಡಿಯ ಮುರಿದ ಕೈ ಕೂಡಿತೇ? ಮಲಬಾರಿನ ಗುಡ್ಡದ ಮೇಲೆ ನಿಮಗಾದರೂ ಕಾಲಿಡಲು ಒಣ ನೆಲವಿದೆ. ಇಲ್ಲಿ ದೋಣಿ ಅಂಗಳಕ್ಕೇ ಬರುತ್ತಿದೆ.

ನಮ್ಮ ತಮ್ಮ ಮಾತ್ತನ್‌ನ ವಿಷಯ ಬರೆಯಲೇಬೇಕು. ಅವನ ಹೊಟ್ಟೆಯ ಗಡ್ಡೆಗೆ ಇನ್ನು ಮದ್ದಿಲ್ಲವೆಂದು ಡಾಕ್ಟರು ಕೈಬಿಟ್ಟಿದ್ದಾರೆ. ಕ್ರಿಸ್‌ಮಸ್ ಕಾಣಲಾರ. ಕೇಳಿದವನು ಅಳಲಿಲ್ಲ. "ಗೋರಿ ಸಿದ್ಧ ಇದೆಯಲ್ಲ ಚೇಚಿ, ನಂಗೇನು ಚಿಂತೆ?" ಎಂದು ಈ ಅಕ್ಕನಿಗೇ ಸಮಾಧಾನ ಹೇಳಿದ.

ಆ ಗೋರಿಯನ್ನು ನೀನು ನೋಡಿಲ್ಲ. ಅಪ್ಪನನ್ನು ಹೂಳಿದ್ದು ಇಂಥದೇ ಮಳೆಗಾಲದಲ್ಲಿ. ಗುಂಡಿಯ ತುಂಬ ನೀರು ನಿಂತು, ಪೆಟ್ಟಿಗೆ ತೇಲಿ ಬಂದು, ಬಿದಿರುಗಳಿಂದ ಒತ್ತಿ ಹಿಡಿದು ಮಣ್ಣು ಹಾಕಿದರು. ಆಗಿನ್ನೂ ಹುಡುಗನಾಗಿದ್ದ ಮಾತ್ತನ್ ಅದನ್ನು ಕಣ್ಣಾರೆ ನೋಡಿದ. ಆಮೇಲೆ ಗದ್ದೆ ಕೊಂಡ, ಮಾಳಿಗೆ ಮನೆ ಕಟ್ಟಿದ, ಮೋಟಾರು ದೋಣಿ ತಂದ. ಯಾವುದರಿಂದಲೂ ಆ ಭಯ ಹೋಗಲಿಲ್ಲ. ಇಗರ್ಜಿಯ ಪಕ್ಕ ಎದೆಯೆತ್ತರಕ್ಕೆ ಕಲ್ಲಿನ ಗೋರಿ ಕಟ್ಟಿಸಿದ ಮೇಲೆಯೇ ಅವನು ನೆಮ್ಮದಿಯಾಗಿ ನಿದ್ದೆ ಮಾಡಿದ್ದು. ಅದರಲ್ಲಿ ಒಬ್ಬರಿಗಷ್ಟೇ ಜಾಗ. ಒಮ್ಮೆ ಮುಚ್ಚಿದರೆ ವರ್ಷಗಟ್ಟಲೆ ತೆರೆಯಬಾರದೆಂದು ಕಟ್ಟಳೆ.

ಹೋದ ಸೋಮವಾರ ನಮ್ಮ ಗದ್ದೆಯ ಒಡ್ಡು ಬಿರಿಯಿತು. ಒಡ್ಡು ಕಟ್ಟುವ ಔತ, ಬಿರುಕಿಗೆ ಕೆಸರು ತುಂಬಲು ಮುಳುಗಿದವನು, ಜೀವಂತವಾಗಿ ಮೇಲೆ ಬರಲಿಲ್ಲ. ಪೈರು ಉಳಿಯಿತು. ಇಗರ್ಜಿಯ ಸಮಾಧಿ ನೆಲವೆಲ್ಲ ಮೊಣಕಾಲುದ್ದ ನೀರು. ಔತನ ಹೆಂಡತಿ ತ್ರೇಸ್ಯ ನಮ್ಮ ಜಗಲಿಗೆ ಬಂದು ಕುಳಿತಳು. ಮಾತ್ತನ್‌ನ ಹಿರಿಮಗ ಕುರುವಿಳ ಹಣ ತಂದು ಮುಂದಿಟ್ಟರೆ ಮುಟ್ಟಲಿಲ್ಲ. "ನೀರಲ್ಲೇ ಸತ್ತೋನು, ಅಚ್ಚಾಯ. ಮತ್ತೆ ನೀರಿಗೇ ಹಾಕಬೇಡಿ. ಅಷ್ಟೇ ಕೇಳೋದು" ಎಂದಳು, ಮಾತ್ತನ್‌ನ ಮುಖ ನೋಡಿ.

"ಮತ್ತೆಲ್ಲಿಡೋಣ? ನಮ್ಮ ಊಟದ ಮೇಜಿನ ಮೇಲಾ?" ಎಂದ ಕುರುವಿಳ. ನಿನಗೆ ಅವನ ಬಾಯಿ ಗೊತ್ತೇ ಇದೆ.

ಮಾತ್ತನ್ ಗಂಜಿಯ ಬಟ್ಟಲು ಕೆಳಗಿಟ್ಟ. ಆಮೇಲೆ ನನ್ನ ಕಡೆ ತಿರುಗಿ, "ಚೇಚಿ, ದಿನಾ ಬೈಬಲ್ ಓದ್ತೀಯಲ್ಲ, ಶಿಲುಬೆಯಿಂದ ಇಳಿಸಿ ಕರ್ತನನ್ನ ಯಾರ ಗೋರೀಲಿ ಇಟ್ರು?" ಎಂದ.

ಒಬ್ಬ ಸಾಹುಕಾರ ತನಗೆಂದು ತೋಡಿಸಿದ್ದರಲ್ಲಿ ಎಂದೆ.

"ಆಮೇಲೆ ಆ ಸಾಹುಕಾರ ಸತ್ತಾಗ?"

"ಅದನ್ನ ಬರೆದಿಲ್ಲ ಕಣೋ."

ಮಾತ್ತನ್ ಮಗನ ಕಡೆ ತಿರುಗಿದ. "ಕುರುವಿಳ, ಪಾದ್ರಿಗಳ ಹತ್ರ ಹೋಗು. ಗೋರಿ ತೆಗೆಸು. ಔತ ಅಲ್ಲಿ ಮಲಗಲಿ."

"ಅಪ್ಪಚ್ಚನ ಗತಿ?" ಎಂದ ಮಗ, ಅಪ್ಪನನ್ನೇ ನೋಡುತ್ತ.

"ಊರಲ್ಲಿ ಬಿದಿರಿಗೆ ಬರ ಬಂದಿದೆಯೇನೋ?"

ಯಾರೂ ನಗಲಿಲ್ಲ, ಅವನೂ ನಗಲಿಲ್ಲ. ಔತನನ್ನು ಆ ಗೋರಿಯಲ್ಲೇ ಇಟ್ಟು ಮುಚ್ಚಿದರು.

ಕೊಟ್ಟದ್ದಕ್ಕೆ ಅವನಿಗೆ ಪಶ್ಚಾತ್ತಾಪವಿಲ್ಲ, ಅನ್ನಕ್ಕುಟ್ಟಿ, ಆದರೆ ಭಯ ಬಿಟ್ಟಿಲ್ಲ. ಮಳೆ ಜೋರಾದರೆ ನನ್ನ ಕೈ ಹಿಡಿದು, ನೀರು ಎಷ್ಟಾಯಿತೆಂದು ಕೇಳುತ್ತಾನೆ. ಇಳಿಯುತ್ತಿದೆ ಎನ್ನುತ್ತೇನೆ. ಇಳಿದಿಲ್ಲ. ನಮ್ಮ ಹೆಸರಿನ ಕಲ್ಲುಗಳೆಲ್ಲ ಇಲ್ಲೇ ಉಳಿಯುವವು, ಕೊಟ್ಟದ್ದೊಂದೇ ನಮ್ಮ ಜೊತೆ ಬರುವುದು ಎಂದು ಇಷ್ಟು ವರ್ಷ ಊರಿಗೆಲ್ಲ ಹೇಳುತ್ತಿದ್ದವಳು ನಾನು. ಮಾಡಿದವನು ಅವನು.

ನಿನ್ನ ಅಕ್ಕ,
ಶೋಶಾಮ್ಮ

ಮತ್ತೆ: ಕಾಗದ ಮಡಿಸುವಾಗ ಕಲ್ಲು ತುಂಬಿದ ದೋಣಿ ಬಂತು. ಅಪ್ಪನಿಗೆ ಹೇಳದೆ ಇನ್ನೊಂದು ಗೋರಿಗೆಂದು ಕುರುವಿಳ ತರಿಸಿದ್ದ. ಮಾತ್ತನ್ ಎದ್ದು ಕುಳಿತು, ತ್ರೇಸ್ಯಳ ಗುಡಿಸಲಲ್ಲಿ ಒಲೆಯವರೆಗೆ ನೀರಿದೆ, ಕಲ್ಲನ್ನು ಅಲ್ಲಿಳಿಸಿ ಅವಳ ನೆಲ ಎತ್ತರಿಸಿ ಎಂದ. ದೋಣಿ ತಿರುಗುವುದನ್ನು ಕಿಟಕಿಯಿಂದ ನೋಡಿ ಮಲಗಿದವನು ನಿನ್ನ ಕಾಗದ ಬಂತೇ ಎಂದು ಕೇಳಿದ. ಎರಡು ಸಾಲಾದರೂ ಬೇಗ ಬರೆ. ಅವನಿಗೆ ಕಿವಿ ಕೇಳುತ್ತಿರುವಾಗಲೇ ಓದಿ ಹೇಳಬೇಕು.