ಮಗಳ ಎರಡನೆಯ ಶಿಷ್ಯ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಮೊದಲು ಸಂಗತಿಗಳನ್ನು ಕ್ರಮವಾಗಿ ಬರೆಯುತ್ತೇನೆ.

೧. ಅಮ್ಮ ತೀರಿಕೊಂಡದ್ದು ಮಿದುಳಿನ ರಕ್ತನಾಳ ಒಡೆದು. ಅದು ಹುಟ್ಟಿನಿಂದಲೇ ದುರ್ಬಲವಾಗಿತ್ತು. ನೀನು ಮಾಡಿಸಿದ ವ್ಯಾಯಾಮಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ವೈದ್ಯರು ಹೇಳಿದ್ದಾರೆ. ನಾನು ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಂಡೆ.

೨. ನಿಮ್ಮ ಫಿಟ್‌ನೆಸ್ ಪದವಿಯ ಕೊನೆಯ ವರ್ಷದಲ್ಲಿ ಪ್ರತಿಯೊಬ್ಬರೂ ಮನೆಯವರೊಬ್ಬರಿಗೆ ತರಬೇತಿ ಕೊಟ್ಟು ಪರೀಕ್ಷಕರ ಮುಂದೆ ನಿಲ್ಲಿಸಬೇಕು. ನೀನು ಅಮ್ಮನನ್ನು ಆರಿಸಿಕೊಂಡಿದ್ದೆ.

೩. ಈಗ ನಿನ್ನನ್ನೇ ದೂಷಿಸಿಕೊಂಡು, ಓದು ಬಿಟ್ಟು, ದೊಡ್ಡಮ್ಮನ ಮನೆಯಲ್ಲಿದ್ದೀಯೆ. ಬೇರೊಬ್ಬರನ್ನು ಕರೆತಂದರೆ ಹೊಸದಾಗಿ ಆರಂಭಿಸಬಹುದೆಂದು ನಿಮ್ಮ ವಿಭಾಗದ ಮುಖ್ಯಸ್ಥರು ತಿಳಿಸಿದ್ದಾರೆ.

ನಾನು ಎಂದಿನಂತೆ ಲಿಫ್ಟ್ ದುರಸ್ತಿಯ ಕೆಲಸಕ್ಕೆ ಹೋಗುತ್ತಿದ್ದೇನೆ. ದುಃಖವೆಂದು ಹೇಳುವಂಥದ್ದು ಇನ್ನೂ ನನ್ನ ಅರಿವಿಗೆ ಬಂದಿಲ್ಲ. ಊಟದ ರುಚಿಯೂ ತಿಳಿಯುವುದಿಲ್ಲ. ಆದರೆ ಅಮ್ಮ ಅಡುಗೆಮನೆಯ ಕಟ್ಟೆ ಹಿಡಿದು ಕೂತು ಏಳುತ್ತಿದ್ದುದು ನೆನಪಿದೆ.

“ನಿಮ್ಮ ಮಗಳು ಮೇಷ್ಟ್ರಾಗಿಬಿಟ್ಟಿದಾಳೆ ಕಣ್ರೀ. ನಮ್ಮತ್ತೆ ಕೂಡ ನನ್ನ ಇಷ್ಟು ಬಗ್ಗಿಸಿರಲಿಲ್ಲ!” ಎನ್ನುತ್ತಿದ್ದಳು. ಮಂಡಿನೋವು ಕಡಿಮೆಯಾದದ್ದನ್ನು ನನಗೆ ಮಾತ್ರ ಹೇಳಿದ್ದಳು. “ಅವಳ ಹತ್ರ ಬಾಯಿಬಿಡ್ಬೇಡಿ, ಇನ್ನೂ ಜಾಸ್ತಿ ಮಾಡಿಸ್ತಾಳೆ.”

ಮನೆಗೆ ಬರುವಾಗ ನಿನ್ನ ವ್ಯಾಯಾಮದ ಚಾಪೆ ಮತ್ತು ಅಳತೆಯ ಟೇಪು ತೆಗೆದುಕೊಂಡು ಬಾ. ಬಗ್ಗಿದರೆ ನನ್ನ ಕೈ ಮಂಡಿಯಿಂದ ಕೆಳಗೆ ಹೋಗುವುದಿಲ್ಲ. ಬಲಭುಜ ಪೂರ್ತಿ ಮೇಲೇಳುವುದಿಲ್ಲ. ಇದನ್ನು ಮುಂಚಿತವಾಗಿ ತಿಳಿಸುವುದು ಉಚಿತ. ಅಮ್ಮನ ಜಾಗದಲ್ಲಿ ನಾನೇ ತರಬೇತಿ ಪಡೆಯಲು ತೀರ್ಮಾನಿಸಿ, ನಿನ್ನೆ ನಿಮ್ಮ ವಿಭಾಗಕ್ಕೆ ಹೋಗಿ ಹೆಸರು ಬರೆಸಿ ಬಂದಿದ್ದೇನೆ.

ಇಂತು,
ಅಪ್ಪ