ಕಪಾಟಿನಲ್ಲಿ ಹೊಸದಾಗಿಯೇ ಉಳಿದ ಮಿಟ್ಟು

ಮಾನ್ಯ ಕ್ರೀಡಾ ಸಾಮಗ್ರಿ ಅಧಿಕಾರಿಗಳೇ,

ನಿಮ್ಮ ಕಪಾಟಿನಲ್ಲಿರುವ ಸಾಫ್ಟ್‌ಬಾಲ್ ಮಿಟ್ಟುಗಳು ಹೊಚ್ಚ ಹೊಸದಾಗಿವೆ. ನನ್ನ ದೂರು ಅದೇ.

ಮರಾಠಿಯಲ್ಲಿ ಎರಡು ಅರ್ಜಿ ಕೊಟ್ಟಿದ್ದೇನೆ. ಎರಡಕ್ಕೂ ಒಂದೇ ಉತ್ತರ ಬಂದಿದೆ: ‘ವಿಭಾಗದ ಎಲ್ಲ ಸಾಮಗ್ರಿಗಳು ಸುಸ್ಥಿತಿಯಲ್ಲಿವೆ, ತಪಾಸಣೆಯಲ್ಲಿ ಯಾವುದೇ ಸವೆತ ಕಂಡುಬಂದಿಲ್ಲ.’ ಮೂರನೆಯದನ್ನು ಕನ್ನಡದಲ್ಲಿ, ಪತ್ರಿಕೆಗೇ ಬರೆಯುತ್ತಿದ್ದೇನೆ. ನೀವು ಓದಲಾರಿರಿ, ಗೊತ್ತು. ಆದರೆ ಘಣಸೋಲಿಯಿಂದ ಡೊಂಬಿವಲಿಯವರೆಗೆ ನಮ್ಮವರ ಹೆಣ್ಣುಮಕ್ಕಳು ಆಡುತ್ತಾರೆ, ಅವರ ಮನೆಯವರು ಓದುತ್ತಾರೆ. ಅವರಲ್ಲಿ ಯಾರಾದರೂ ನಿಮ್ಮ ಮೇಜಿನ ಎದುರು ನಿಂತು ಇದನ್ನು ನಿಮಗೆ ಓದಿ ಹೇಳಲಿ ಎಂಬ ಆಸೆ ಇದೆ.

ಈ ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಸಾಫ್ಟ್‌ಬಾಲ್‌ನಲ್ಲಿ ಬ್ಯಾಟ್ ಹಿಡಿದವಳ ಹಿಂದೆ ಒಬ್ಬಳು ಕುಕ್ಕರಗಾಲಲ್ಲಿ ಕೂತಿರುತ್ತಾಳೆ. ಪಿಚರ್ ತೋಳು ತಿರುಗಿಸಿ ಕೆಳಗಿನಿಂದ ಬೀಸಿ ಎಸೆಯುವ ಪ್ರತಿಯೊಂದು ಚೆಂಡೂ ಅವಳ ಮುಖದ ಮುಂದೆಯೇ ಬರುತ್ತದೆ. ಅವಳು ಕ್ಯಾಚರ್. ಎಡಗೈಗೆ ಅವಳು ಹಾಕುವ ದಪ್ಪ ಚರ್ಮದ ಗವಸೇ ಮಿಟ್ಟು. ಹೆಸರಿನಲ್ಲಿ ‘ಸಾಫ್ಟ್’ ಇದೆ ಅಷ್ಟೆ, ಚೆಂಡು ಮೆತ್ತಗಿಲ್ಲ. ನನ್ನ ತಂಗಿ ದಾನಮ್ಮ ನಮ್ಮ ಶಾಲೆಯ ಕ್ಯಾಚರ್ ಆಗಿದ್ದಳು. ಹದಿನಾಲ್ಕರ ಒಳಗಿನವರ ಜಿಲ್ಲಾ ತಂಡಕ್ಕೆ ಆಯ್ಕೆಯಾಗಿದ್ದರೆ ಕ್ರೀಡಾ ವಸತಿಶಾಲೆಗೆ ಹೋಗುತ್ತಿದ್ದಳು. ಅಲ್ಲಿ ಅವಳಿಗೆ ಒಂದು ಮಂಚ, ಒಂದು ಮೇಜು, ದಿನಾ ಎರಡು ಹೊತ್ತು ಆಟ ಸಿಗುತ್ತಿತ್ತು. ಒಂದೇ ಕೋಣೆಯಲ್ಲಿ ಐದು ಜನ ಇರುವ ನಮ್ಮ ಮನೆಯಿಂದ ಹೊರಗೆ ಹೋಗಲು ಅವಳಿಗೆ ಕಂಡಿದ್ದ ಬಾಗಿಲು ಅದೊಂದೇ.

ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನು. ಬಡತನದಿಂದ ಬಿಟ್ಟೆ ಎಂದು ಬರೆದರೆ ಪತ್ರಕ್ಕೆ ತೂಕ ಬರುತ್ತದೆ, ಆದರೆ ಅದು ಸುಳ್ಳು. ನಮ್ಮಪ್ಪ ಮಾನಪ್ಪ ವಾಶಿಯ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು ನನ್ನನ್ನು ಓದಿಸಲು ತಯಾರಿದ್ದರು. ನನಗೇ ಬೆಂಚಿನ ಮೇಲೆ ಕೂರಲಾಗಲಿಲ್ಲ. ನಾಲ್ಕು ಕೆಲಸ ಬಿಟ್ಟು ಈಗ ಪಾರ್ಸೆಲ್ ಹಂಚುತ್ತೇನೆ. ನಮ್ಮ ಮನೆಯಲ್ಲಿ ಒಂದು ಕೆಲಸವನ್ನು ತಿಂಗಳುಗಟ್ಟಲೆ ಬಿಡದೆ ಮಾಡಬಲ್ಲವಳು ದಾನಮ್ಮ ಒಬ್ಬಳೇ. ಆದ್ದರಿಂದ ಅವಳಿಗೆ ಮಿಟ್ಟು ಹುಡುಕುವ ಹೊಣೆ ನಾನು ಹೊತ್ತೆ. ಅಲ್ಲಿಯವರೆಗೆ ಅವಳು ಕ್ರಿಕೆಟ್ ಕೀಪರಿನ ಹಳೇ ಗವಸಿನೊಳಗೆ ಬಟ್ಟೆ ತುರುಕಿ ಆಡುತ್ತಿದ್ದಳು.

ಡೊಂಬಿವಲಿಯ ಅಂಗಡಿಯಲ್ಲಿ ಮಿಟ್ಟು ಎಂದರೆ ಬಾಕ್ಸಿಂಗ್ ಗವಸು ತೆಗೆದಿಟ್ಟರು. ಕಲ್ಯಾಣದಲ್ಲಿ ಬೇಸ್‌ಬಾಲಿನದು ಸಿಕ್ಕಿತು. ಅದರ ನಡುವಿನ ಚೀಲದಂಥ ತಗ್ಗು ಆ ಆಟದ ಸಣ್ಣ ಚೆಂಡಿನ ಅಳತೆಗೆ ಹೊಲಿದದ್ದು, ನಮ್ಮ ಚೆಂಡು ಅದರಲ್ಲಿ ಕೂರುವುದಿಲ್ಲ. ಕೊನೆಗೆ ನೆರೂಳದ ಒಂದು ಮನೆಗೆ ಪಾರ್ಸೆಲ್ ಕೊಡಲು ಹೋದಾಗ ಬಾಗಿಲ ಎದುರಿನ ಗೋಡೆಯಲ್ಲಿ ಕ್ಯಾಚರಿನ ಮುಖವಾಡ ಹಾಕಿದ ಹುಡುಗಿಯ ಫೋಟೊ ಕಂಡಿತು. ಗಿರಾಕಿಗಳ ಹತ್ತಿರ ಸ್ವಂತ ಮಾತಾಡಬಾರದು ಎಂಬುದು ನಮ್ಮ ಕಂಪನಿಯ ನಿಯಮ. ಮಾತಾಡಿದೆ. ಫೋಟೊದಲ್ಲಿದ್ದವರೇ ಬಾಗಿಲು ತೆರೆದವರು: ಉಡುಪಿ ಕಡೆಯ ಶರ್ಮಿಳಾ ಅಕ್ಕ, ಕಾಲೇಜು ಮುಗಿಯುವವರೆಗೂ ಕ್ಯಾಚರ್ ಆಗಿದ್ದವರು.

ಮುಂದಿನ ಭಾನುವಾರ ದಾನಮ್ಮನನ್ನು ಕರೆದುಕೊಂಡು ಹೋದೆ. ಅವರು ಎರಡು ಮಿಟ್ಟು ಇಟ್ಟರು. ಒಂದು ಕಾಲೇಜಿನ ಕಾಲದ್ದು, ದೊಡ್ಡದು, ಹೊಳೆಯುತ್ತಿತ್ತು. ಇನ್ನೊಂದು ಶಾಲೆಯ ಕಾಲದ್ದು, ಚಿಕ್ಕದು, ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದು ಒಣಗಿತ್ತು. ನಾನೂ ದಾನಮ್ಮನೂ ಒಟ್ಟಿಗೇ ದೊಡ್ಡದಕ್ಕೆ ಕೈ ಹಾಕಿದೆವು. ನಮ್ಮ ಮನೆಯಲ್ಲಿ ಚಪ್ಪಲಿಯಿಂದ ಯೂನಿಫಾರ್ಮಿನವರೆಗೆ ಎಲ್ಲವನ್ನೂ ಒಂದು ಅಳತೆ ದೊಡ್ಡದೇ ತರುವುದು, ಎರಡು ವರ್ಷ ಬರಲಿ ಎಂದು.

“ಮಾರಾಯಾ, ಇದು ಅಂಗಿ ಅಲ್ಲ, ಬೆಳೆದ ಮೇಲೆ ಸರಿಯಾಗ್ತದೆ ಅಂತ ದೊಡ್ಡದು ತೆಗೆಯಲಿಕ್ಕೆ” ಎಂದರು ಶರ್ಮಿಳಾ ಅಕ್ಕ. “ಕೈ ಇವತ್ತು ಎಷ್ಟುಂಟೋ ಅಷ್ಟಕ್ಕೇ ತೆಗೀಬೇಕು. ದಾನಮ್ಮಾ, ಹಾಕಿ ಮುಚ್ಚು ನೋಡುವಾ.”

ದಾನಮ್ಮ ಹಲ್ಲು ಕಚ್ಚಿ ಮುಚ್ಚಿದಳು. ದೊಡ್ಡ ಮಿಟ್ಟು ಅರ್ಧಕ್ಕೆ ನಿಂತಿತು. ಚಿಕ್ಕದು ಗೊಣಗುತ್ತ ಮುಚ್ಚಿತು.

“ಹಾಂ, ಇದೇ ನಿಂದು. ನೀನು ಮುಚ್ಚಿದಾಗ ಮುಚ್ಚಬೇಕು, ಚೆಂಡು ಬಂದು ಮುಚ್ಚಿಸುವುದಲ್ಲ. ಮತ್ತೆ ಬಲಗೈ ಬೆನ್ನ ಹಿಂದೆ. ಅದನ್ನು ಮುಂದೆ ತಂದಿಯೋ, ಬೆರಳು ಹೋಯಿತು.”

“ದೀದೀ, ಪುರಾನಾ ಹೈ,” ದಾನಮ್ಮ ನನ್ನ ಕಡೆ ನೋಡಿಕೊಂಡೇ ರಾಗ ಎಳೆದಳು. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿಂದ ಬರುವುದು ಹಿಂದಿ.

“ಹಳೇದೇ ಬೇಕು ಮಗಾ. ಹೊಸ ಮಿಟ್ಟು ಅಂದ್ರೆ ಹಲಗೆ. ಅದನ್ನು ಮಿಟ್ಟು ಮಾಡಲಿಕ್ಕೆ ಸಾವಿರ ಚೆಂಡು ಹಿಡೀಬೇಕು.”

ಮಾನ್ಯರೇ, ಇದು ನಿಮ್ಮ ವಿಭಾಗದಲ್ಲಿ ಒಬ್ಬರಿಗೂ ತಿಳಿಯದ ಸಂಗತಿಯೇ? ಅಥವಾ ತಿಳಿದೂ ಕಪಾಟಿಗೆ ಬೀಗ ಹಾಕುತ್ತೀರೋ?

ನಾಲ್ಕು ತಿಂಗಳು, ದಿನಾ ಬೆಳಿಗ್ಗೆ ಆರಕ್ಕೆ, ಘಣಸೋಲಿಯಲ್ಲಿ ಟೆಂಪೊಗಳು ನಿಲ್ಲುವ ಜಾಗದಲ್ಲಿ ನಾನು ಎಸೆದೆ, ಅವಳು ಹಿಡಿದಳು. ನಮ್ಮವ್ವ ಮರಗಮ್ಮ ಒಂದು ದಿನ ಮಿಟ್ಟಿಗೆ ಅಂಗೈತುಂಬ ಕೊಬ್ಬರಿ ಎಣ್ಣೆ ತಿಕ್ಕಿಬಿಟ್ಟಳು. ಯಾಕೆ ಎಂದರೆ, “ನಿನ್ನ ತಂಗಿ ತಲಿಗಿ ಹಚ್ಚೂದಿಲ್ಲೇನು? ಇದೂ ಒಣಗೇತಿ, ಕುಡೀಲಿ ತಗೋ” ಎಂದಳು. ಶರ್ಮಿಳಾ ಅಕ್ಕ ಫೋನಿನಲ್ಲೇ ತಲೆ ಚಚ್ಚಿಕೊಂಡರು. ಎಣ್ಣೆ ಕುಡಿದ ಮಿಟ್ಟು ಭಾರವಾಯಿತು, ಹದಿನೈದು ದಿನ ಒರೆಸಿ ಒರೆಸಿ ಇಳಿಸಿದೆವು. ಕೊನೆಗೆ ಒಂದು ಬೆಳಿಗ್ಗೆ ಚೆಂಡು ಬಿದ್ದ ಸದ್ದೇ ಬದಲಾಯಿತು. ಅಲ್ಲಿಯವರೆಗೆ ಬಾಗಿಲು ಬಡಿದಂತೆ ಕೇಳುತ್ತಿದ್ದದ್ದು ಅಂದು ಚಪ್ಪಾಳೆಯಂತೆ ಕೇಳಿತು. ದಾನಮ್ಮ ಎದ್ದು ನಿಂತು, ಮಿಟ್ಟಿನೊಳಗೆ ಇಣುಕಿ ನೋಡಿ, “ಅಣ್ಣಾ, ಖುದ್ ಸೇ ಬಂದ್ ಹುವಾ!” ಎಂದು ಕೂಗಿದಳು. ತಾನಾಗಿಯೇ ಮುಚ್ಚಿತು ಎಂದು. ಬಲಗೈ ಬೆನ್ನ ಹಿಂದೆಯೇ ಇತ್ತು.

ಈಗ ಆಯ್ಕೆಯ ದಿನಕ್ಕೆ ಬರುತ್ತೇನೆ. ಕಲ್ಯಾಣದ ಮೈದಾನ, ಬೆಳಿಗ್ಗೆ ಹತ್ತು ಗಂಟೆ. ಬಾಗಿಲಲ್ಲಿ ನಿಮ್ಮ ಮೇಜು. ನಿಮ್ಮ ವಿಭಾಗದ ಮೊಹರು ಇಲ್ಲದ ಸಾಮಗ್ರಿಯನ್ನು ಆಯ್ಕೆಯಲ್ಲಿ ಬಳಸುವಂತಿಲ್ಲ ಎಂಬ ನಿಯಮ ನಮಗೆ ಗೊತ್ತಿತ್ತು. ಅದನ್ನು ನಾನು ಬೈಯುವುದಿಲ್ಲ. ಉಳ್ಳವರ ಮಕ್ಕಳು ವಿದೇಶದ ಸಾಮಾನು ತಂದು ಮುಂದೆ ಹೋಗಬಾರದು ಎಂದು ಮಾಡಿದ ನಿಯಮ ಅದು, ಒಳ್ಳೆಯ ನಿಯಮ. ಆದರೆ ಶಾಲೆಯ ಸ್ವಂತ ಸಾಮಗ್ರಿಯಾದರೆ ಸ್ಥಳದಲ್ಲೇ ನೋಡಿ ಮೊಹರು ಒತ್ತುವ ರೂಢಿಯೂ ನಿಮ್ಮಲ್ಲಿದೆ. ಆ ರೂಢಿಯನ್ನು ನಂಬಿಯೇ ದೈಹಿಕ ಶಿಕ್ಷಕಿ ವಿನೋದಾ ಮೇಡಂ ನಮ್ಮನ್ನು ಕರೆತಂದಿದ್ದರು. ಶಾಲೆಯದೇ ಎಂದು ತಾವೇ ಹೇಳಿ ಮುಗಿಸುವುದು ಅವರ ಲೆಕ್ಕ. ಆದರೆ ಚೀಲ ನನ್ನ ಹೆಗಲಲ್ಲಿತ್ತು, ನೀವು ನನ್ನನ್ನು ಕೇಳಿದಿರಿ.

“ಯೇ ಸ್ಕೂಲ್ ಕಾ ಹೈ ನಾ?”

ಶಾಲೆಯದೇ ತಾನೇ ಎಂದು, ‘ನಾ’ ಸೇರಿಸಿ ಕೇಳಿದಿರಿ, ಮಾನ್ಯರೇ. ಹೌದು ಎನ್ನಲು ನನಗೆ ಅರ್ಧ ದಾರಿ ನೀವೇ ತೋರಿಸಿದಿರಿ. ವಿನೋದಾ ಮೇಡಂ ನನ್ನ ಮೊಣಕೈ ಚಿವುಟಿದರು. ದಾನಮ್ಮ ನನ್ನ ಮುಖ ನೋಡುತ್ತಿದ್ದಳು. ನಾನು ಹೇಳಿದೆ: “ನಹೀ ಸಾಹೇಬ್, ಹಮಾರಾ ಹೈ.” ನಮ್ಮದು, ನೆರೂಳದ ಒಬ್ಬರು ಕೊಟ್ಟದ್ದು ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಅಪ್ಪ ಆ ಸಂಜೆ ಕೇಳಿದರು. ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದೆ. “ಸುಳ್ಳು ಹೇಳಾಕ ಬರಂಗಿಲ್ಲ ಅಂದ್ರ ಬಾಯಿ ಮುಚ್ಕೊಂಡು ನಿಂದ್ರಾಕರ ಬರಬೇಕಿತ್ತಲೋ!” ಎಂದರು.

ನೀವು ಗದರಲಿಲ್ಲ. ಅದನ್ನೂ ಬರೆಯಬೇಕು. ನಗುತ್ತಲೇ ನಮ್ಮ ಮಿಟ್ಟನ್ನು ಮೇಜಿನ ಕೆಳಗಿಟ್ಟು, ಕಪಾಟಿನಿಂದ ತಂದ ಹೊಸ ಮಿಟ್ಟು ಕೊಟ್ಟು, ಹೊಸದನ್ನೇ ಕೊಡುತ್ತಿದ್ದೇವಲ್ಲ, ಇನ್ನೇನು ಬೇಕು ಎಂದಿರಿ. ಅದರ ಪ್ಲಾಸ್ಟಿಕ್ ಚೀಲ ಅಲ್ಲಿಯೇ ಹರಿದದ್ದು. ಒಳಗಿಂದ ‘ತಿನ್ನಬೇಡಿ’ ಎಂದು ಬರೆದ ಪುಟ್ಟ ಪೊಟ್ಟಣ ಉದುರಿತು. ಮಣಿಕಟ್ಟಿನ ಪಟ್ಟಿಯಿಂದ ಕಾಗದದ ಚೀಟಿ ಇನ್ನೂ ನೇತಾಡುತ್ತಿತ್ತು. ದೊಡ್ಡವರ ಅಳತೆ. ನಿಮ್ಮಲ್ಲಿರುವುದು ಅದೊಂದೇ ಅಳತೆ ಎಂದು ಆಮೇಲೆ ತಿಳಿಯಿತು. ಅವು ಬಂದು ಮೂರು ವರ್ಷವಾಯಿತಂತೆ. ಆಯ್ಕೆಯ ದಿನ ಒಂದೆರಡು ಬೆಳಿಗ್ಗೆ ಹೊರಗೆ, ಸಂಜೆಗೆ ಒರೆಸಿ ಒಳಗೆ; ಉಳಿದವು ಚೀಲದಲ್ಲೇ. ‘ಶಾಲೆಗಳಿಗೆ ಅಭ್ಯಾಸಕ್ಕೆ ಕೊಟ್ಟರೆ ಹಾಳಾಗುತ್ತವೆ, ತಪಾಸಣೆಯಲ್ಲಿ ಉತ್ತರ ಹೇಳಬೇಕಾದವನು ನಾನು’ ಎಂದು ನಿಮ್ಮ ಗುಮಾಸ್ತರೇ ನನಗೆ ಹೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಬಳಸಿದ್ದಕ್ಕೆ ಶಿಕ್ಷೆ, ಬಳಸದೆ ಇಟ್ಟದ್ದಕ್ಕೆ ಶಹಬ್ಬಾಸ್ ಎಂದಾದರೆ ಯಾರು ತಾನೇ ಬೀಗ ತೆಗೆದಾರು? ಆದರೆ ಯೋಚಿಸಿ. ಈಜುಕೊಳದ ನೀರು ಖರ್ಚಾಗದಿರಲಿ ಎಂದು ಮಕ್ಕಳನ್ನು ಇಳಿಸದೆ, ಸ್ಪರ್ಧೆಯ ದಿನ ನೇರ ತಳ್ಳಿದರೆ ಅದಕ್ಕೆ ಏನು ಹೆಸರು?

ಹತ್ತು ಚೆಂಡು. ಮೊದಲ ಚೆಂಡು ಮಿಟ್ಟಿನ ಬುಡಕ್ಕೆ ತಾಗಿ ಹೊರಗೆ ಹಾರಿತು. ಎರಡನೆಯದೂ ಹಾಗೆಯೇ. ಮೂರನೆಯದನ್ನು ಎದೆಗೆ ಒತ್ತಿ ಹಿಡಿದಳು. ನಾಲ್ಕನೆಯದು ಮತ್ತೆ ಹಾರಿತು. ಮಿಟ್ಟು ಮುಚ್ಚುತ್ತಿರಲಿಲ್ಲ. ಐದನೆಯದಕ್ಕೆ ಅವಳು ಬಲಗೈಯನ್ನು ಮುಂದೆ ತಂದಳು, ಮುಚ್ಚಳದ ಹಾಗೆ. ನಾಲ್ಕು ತಿಂಗಳಲ್ಲಿ ಒಂದು ದಿನವೂ ತರದ ಕೈ. ಚೆಂಡು ಹೆಬ್ಬೆರಳಿನ ತುದಿಗೆ ನೇರ ಬಡಿಯಿತು. ಅವಳು ಕೂಗಲಿಲ್ಲ. ಕೂಗಿದರೆ ಹೊರಗೆ ಕಳಿಸುತ್ತಾರೆ ಎಂದು ಆ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಉಳಿದ ಐದನ್ನೂ ಎದುರಿಸಿದಳು. ಹತ್ತೂ ಮುಗಿದ ಮೇಲೆ ನನ್ನ ಹತ್ತಿರ ಬಂದು, “ಅಣ್ಣಾ, ಬೋತಲ್ ಖೋಲ್ ದೇ” ಎಂದಳು. ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಅವಳಿಗೆ ಆಗುತ್ತಿರಲಿಲ್ಲ. ಆಗ ನನಗೆ ಗೊತ್ತಾಯಿತು.

ಮೂಳೆ ಆರು ವಾರದಲ್ಲಿ ಕೂಡಿತು. ಹೆಬ್ಬೆರಳು ಈಗ ಚೆನ್ನಾಗಿದೆ; ಇಲ್ಲ ಎಂದು ಬರೆದು ನಿಮ್ಮ ಕನಿಕರ ಗಿಟ್ಟಿಸಲಾರೆ. ಕೆಟ್ಟಿರುವುದು ಬೇರೆ. ಆಮೇಲೆ ನಾನು ಮೊದಲ ಸಲ ಎಸೆದಾಗ ಚೆಂಡು ಬರುವ ಹೊತ್ತಿಗೆ ದಾನಮ್ಮ ಕಣ್ಣು ಮುಚ್ಚಿದಳು. ಎರಡನೇ ಸಲವೂ ಮುಚ್ಚಿದಳು. ನಾನು ಮೆಲ್ಲಗೆ, ಕೂಸಿಗೆ ಎಸೆದಂತೆ ಎಸೆದೆ, ಆಗಲೂ ಮುಚ್ಚಿದಳು. ಬೇಕೆಂದು ಮುಚ್ಚುತ್ತಿಲ್ಲ, ತಾನೇ ಮುಚ್ಚಿಕೊಳ್ಳುತ್ತವೆ ಎಂದು ಅತ್ತಳು. ಕಣ್ಣು ಮುಚ್ಚುವವಳು ಕ್ಯಾಚರ್ ಆಗಲಾರಳು. ಅದು ಅವಳಿಗೆ ನನಗಿಂತ ಮೊದಲು ತಿಳಿಯಿತು. ಈ ಡಿಸೆಂಬರಿಗೆ ಅವಳಿಗೆ ಹದಿನಾಲ್ಕು ತುಂಬಿ ಆ ತಂಡಕ್ಕೆ ಸೇರುವ ವಯಸ್ಸೂ ಮುಗಿಯಿತು. ವಸತಿಶಾಲೆಯ ಸೀಟುಗಳು ತುಂಬಿದವು.

ಒಂದೇ ಒಂದು ಸಲ ಅವಳು ಕೇಳಿದ್ದು: “ಅಣ್ಣಾ, ಏಕ್ ಬಾರ್ ಹಾಂ ಬೋಲ್ ದೇತಾ ತೋ?” ಒಂದು ಸಲ ಹೌದು ಅಂದುಬಿಟ್ಟಿದ್ದರೆ? ಸಿಟ್ಟಿನಿಂದ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಜವಾಗಿಯೂ ತಿಳಿದುಕೊಳ್ಳಲೆಂದು ಕೇಳಿದಳು.

ಈಗ ಬೇಡಿಕೆ. ಶಾಲೆ ತೆರೆಯುವ ದಿನವೇ ಆ ಮಿಟ್ಟುಗಳನ್ನು ಶಾಲೆಗಳಿಗೆ ಹಂಚಿ. ಕೊಳೆಯಾಗಲಿ, ಸವೆಯಲಿ. ಸವೆತ ಕಾಣದ ಮಿಟ್ಟನ್ನೇ ನಿಮ್ಮ ತಪಾಸಣೆಯವರು ತಪ್ಪೆಂದು ಬರೆಯಲಿ. ಚಿಕ್ಕ ಕೈಗಳ ಅಳತೆಯವನ್ನೂ ತರಿಸಿ. ಶರ್ಮಿಳಾ ಅಕ್ಕನ ಮಿಟ್ಟು ಈಗ ಆರನೇ ತರಗತಿಯ ಬಾಲಮ್ಮ ಎಂಬ ಹುಡುಗಿಯ ಕೈಯಲ್ಲಿದೆ, ದಾನಮ್ಮನೇ ಕೊಟ್ಟಳು. ಅದಕ್ಕೆ ಮೊಹರು ಒತ್ತಿ. ಮುಂದಿನ ವರ್ಷ ನಿಮ್ಮ ಮೇಜಿನ ಎದುರು ಮತ್ತೆ ನನ್ನನ್ನು ಕೇಳಿದರೆ ಮತ್ತೆ ನಿಜವನ್ನೇ ಹೇಳುತ್ತೇನೆ. ಇದನ್ನು ಬರೆಯುವಾಗ ನನಗೆ ಹೆಮ್ಮೆಯೇನೂ ಇಲ್ಲ, ಭಯವಿದೆ.

ಕೊನೆಯದು ಸಣ್ಣದು. ನಿಮ್ಮ ಆಯ್ಕೆ ಪುಸ್ತಕದಲ್ಲಿ ದಾನಮ್ಮನ ಹೆಸರಿನ ಮುಂದೆ ‘ಹತ್ತರಲ್ಲಿ ಏಳು ಕೈಬಿಟ್ಟಳು’ ಎಂದಿದೆ. ಅದರ ಪಕ್ಕದಲ್ಲಿ ‘ಯಾರೂ ಬಳಸಿರದ ಮಿಟ್ಟಿನಲ್ಲಿ’ ಎಂದು ಸೇರಿಸಿ, ಆ ಪುಟದ ನಕಲನ್ನು ಅವಳ ಹೆಸರಿಗೆ ಅಂಚೆಯಲ್ಲಿ ಕಳಿಸಿ. ತನ್ನ ಕೈಯೇ ಸರಿಯಿಲ್ಲ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಾಳೆ. ನಾನು ಅಲ್ಲ ಅಲ್ಲ ಎಂದು ಎಷ್ಟು ಸಲ ಹೇಳಿದರೂ, ಅಣ್ಣ ಅಲ್ಲವೇ, ಹಾಗೆಯೇ ಹೇಳುತ್ತಾನೆ ಎಂದುಕೊಳ್ಳುತ್ತಾಳೆ. ಊರಿಗೆಲ್ಲ ನಿಜ ಹೇಳುವ ನನ್ನನ್ನು ಅವಳು ಈ ಒಂದು ಮಾತಿನಲ್ಲಿ ಮಾತ್ರ ನಂಬುತ್ತಿಲ್ಲ. ನಿಮ್ಮ ಮೊಹರನ್ನು ನಂಬಿಯಾಳು.

ಇಂತಿ,
ಬಾಯಿ ಮುಚ್ಚಿ ನಿಲ್ಲಲು ಇನ್ನೂ ಕಲಿಯದ,
ಸಂಗಮೇಶ ಮಾನಪ್ಪ, ಘಣಸೋಲಿ